‘ಸರ್ವರ್ ಇಲ್ರೀ’ ಅನ್ನೋ ಮೊದಲು ಒಳಗೆ ಯಾರಿದ್ದಾರೆ ನೋಡಿ

(ಕಡ್ಡಿರಾಂಪುರದಲ್ಲಿ ಕಂಪ್ಯೂಟರ್ ಓದುತ್ತಿರುವ ಹುಡುಗ-ಹುಡುಗಿಯರು ಮತ್ತು ಸೇವಾ ಕೇಂದ್ರಗಳಲ್ಲಿ ಕೆಲಸ ಮಾಡುವವರ ಮುಂದೆ ಆಡಿದ ಮಾತಿನ ಬರಹ ರೂಪ ಇದು. ಓದಲು ಅನುಕೂಲವಾಗುವಷ್ಟು ಮಾತ್ರ ತಿದ್ದಲಾಗಿದೆ.)

ಹೊಸಪೇಟೆಯಿಂದ ಹಂಪಿಗೆ ಹೋಗೋ ಬಸ್ಸು ನಮ್ಮೂರ ಮೇಲೇ ಹೋಗುತ್ತೆ. ಹಂಪಿ ನೋಡೋಕೆ ಬಂದವರು ಕಿಟಕಿಯಿಂದ ನಮ್ಮನ್ನ ನೋಡಿ ಮುಂದೆ ಹೋಗ್ತಾರೆ. ಇವತ್ತು ನೀವು ಇಷ್ಟು ಜನ ಇಲ್ಲಿ ಕೂತಿದ್ದೀರಿ ಅಂದ್ರೆ ನನಗೆ ಖುಷಿ.

ಇವತ್ತಿನ ವಿಷಯ ಡೇಟಾಬೇಸ್. ಅದರಲ್ಲೂ ಒಂದೇ ಒಂದು ಮೂಲೆ. ಡೇಟಾಬೇಸ್ ಒಳಗೆ ಈಗ, ಈ ನಿಮಿಷ, ಯಾವ ಸೇವೆಗಳು ನಡೀತಿವೆ, ಯಾರು ಸಂಪರ್ಕದಲ್ಲಿದ್ದಾರೆ, ಎಷ್ಟು ಜನಕ್ಕೆ ಜಾಗ ಇದೆ, ಇದನ್ನ ನೋಡೋದು ಹೇಗೆ ಅಂತ. ಕೇಳೋಕೆ ಒಣ ವಿಷಯ ಅನ್ನಿಸಬಹುದು. ಆದರೆ ಇದರ ಇನ್ನೊಂದು ತುದಿ ನಿಮಗೆಲ್ಲ ಗೊತ್ತು. ಪಹಣಿ ತರೋಕೆ ನಾಡಕಚೇರಿಗೆ ಹೋಗ್ತೀರಿ. ನ್ಯಾಯಬೆಲೆ ಅಂಗಡಿಗೆ ಹೋಗಿ ಹೆಬ್ಬೆಟ್ಟು ಇಡ್ತೀರಿ. ಬ್ಯಾಂಕಿಗೆ ಹೋಗಿ ಸಾಲದ ಕಂತು ಕಟ್ಟೋಕೆ ನಿಲ್ತೀರಿ. ಕಿಟಕಿ ಆ ಕಡೆಯಿಂದ ಒಂದು ಮಾತು ಬರುತ್ತೆ: “ಸರ್ವರ್ ಇಲ್ರೀ, ನಾಳೆ ಬರ್ರಿ.”

ಆ ‘ಸರ್ವರ್ ಇಲ್ಲ’ ಅನ್ನೋ ಎರಡು ಪದದಲ್ಲಿ ಕನಿಷ್ಠ ನಾಲ್ಕು ಬೇರೆ ಬೇರೆ ಕಾಯಿಲೆ ಅಡಗಿರುತ್ತೆ. ನಾಲ್ಕಕ್ಕೂ ಒಂದೇ ಔಷಧಿ ಅಂತ ನಾವು ಕಂಪ್ಯೂಟರಿನವರು ಅಂದುಕೊಂಡುಬಿಟ್ಟಿದ್ದೀವಿ. ಆಫ್ ಮಾಡಿ ಆನ್ ಮಾಡೋದು. ಅದು ತಪ್ಪು. ಅದು ಯಾಕೆ ತಪ್ಪು ಅನ್ನೋದನ್ನ ನಾನು ದುಡ್ಡು ಕೊಟ್ಟು ಕಲಿತದ್ದಲ್ಲ, ಒಬ್ಬ ಹೆಣ್ಣುಮಗಳಿಗೆ ತೊಂದರೆ ಕೊಟ್ಟು ಕಲಿತದ್ದು. ಅದನ್ನ ಆಮೇಲೆ ಹೇಳ್ತೀನಿ.

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. ನಮ್ಮ ರಾಜ್ಯದ ರೈತರು ಡೇಟಾಬೇಸನ್ನ ಮೊದಲು ಕಂಡದ್ದು ‘ಭೂಮಿ’ ಯೋಜನೆಯಲ್ಲಿ. ಅದಕ್ಕೂ ಮುಂಚೆ ಪಹಣಿ ಗ್ರಾಮ ಲೆಕ್ಕಿಗರ ಕೈಬರಹದಲ್ಲಿತ್ತು. ರಾಜ್ಯದಲ್ಲಿ ಸುಮಾರು 9,000 ಗ್ರಾಮ ಲೆಕ್ಕಿಗರಿದ್ದರು. ಪುಸ್ತಕ ಅವರ ಹತ್ತಿರ, ಅವರು ಸಿಕ್ಕಾಗ ಪಹಣಿ. 2000ದ ಆಸುಪಾಸಿನಲ್ಲಿ ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಮುಂದೆ ನಿಂತು, ಎನ್‌ಐಸಿಯವರು ತಂತ್ರಾಂಶ ಬರೆದು, ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ದಾಖಲೆ ಕಂಪ್ಯೂಟರಿಗೆ ಹೋಯ್ತು. ತಾಲ್ಲೂಕು ಕಚೇರಿಯ ಕಿಯಾಸ್ಕ್‌ನಲ್ಲಿ ಆಗ 15 ರೂಪಾಯಿ ಕೊಟ್ಟರೆ ಪಹಣಿ ಪ್ರಿಂಟ್ ಕೈಗೆ ಬರ್ತಿತ್ತು.

ಭೂಮಿ ಕಿಯಾಸ್ಕ್‌ನಲ್ಲಿ ನನಗೆ ಬಹಳ ಇಷ್ಟವಾದ ಒಂದು ಸಂಗತಿ ಇದೆ. ಅಲ್ಲಿ ಎರಡು ಪರದೆ ಇಟ್ಟಿದ್ದರು. ಒಂದು ಕೆಲಸ ಮಾಡೋರ ಕಡೆಗೆ, ಇನ್ನೊಂದು ರೈತನ ಕಡೆಗೆ ತಿರುಗಿಸಿದ್ದು. ಒಳಗೆ ಏನು ನಡೀತಿದೆ ಅಂತ ಹೊರಗೆ ನಿಂತವನಿಗೂ ಕಾಣಲಿ ಅಂತ. ಇವತ್ತು ನಾನು ಹೇಳೋದೂ ಅಷ್ಟೇ. ಡೇಟಾಬೇಸಿಗೂ ಅಂಥ ಎರಡನೇ ಪರದೆ ಇದೆ. ಎಲ್ಲ ಡೇಟಾಬೇಸಿನಲ್ಲೂ ಇದೆ, ಪುಕ್ಕಟೆ ಇದೆ. ನಾವು ನೋಡಲ್ಲ, ಅಷ್ಟೇ.

ರಿಲೇಷನಲ್ ಡೇಟಾಬೇಸ್ ಅಂದ್ರೆ ಏನು ಅಂತ ಒಂದೇ ಮಾತಲ್ಲಿ ಹೇಳಿಬಿಡ್ತೀನಿ. ಎಲ್ಲವನ್ನೂ ಕೋಷ್ಟಕಗಳಲ್ಲಿ ಇಡೋದು, ಒಂದು ಕೋಷ್ಟಕಕ್ಕೂ ಇನ್ನೊಂದಕ್ಕೂ ಸಂಬಂಧ ಇಡೋದು. ಸರ್ವೆ ನಂಬರ್ ಒಂದು ಕಡೆ, ಮಾಲೀಕರು ಒಂದು ಕಡೆ, ಬೆಳೆ ಒಂದು ಕಡೆ, ಖಾತೆ ಬದಲಾವಣೆ ಒಂದು ಕಡೆ. ಸರ್ವೆ ನಂಬರ್ ಹಿಡಿದರೆ ಉಳಿದದ್ದೆಲ್ಲ ಹಿಂದೆ ಬರಬೇಕು. ಒರಾಕಲ್, ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್, ಎಸ್‌ಕ್ಯೂಎಲ್ ಸರ್ವರ್ ಎಲ್ಲ ಇದೇ ಜಾತಿ. ಕೌಂಟರ್‌ನ ಕಂಪ್ಯೂಟರಿನಲ್ಲಿ ನೀವು ನೋಡೋದು ಡೇಟಾಬೇಸ್ ಅಲ್ಲ, ಒಂದು ಅಪ್ಲಿಕೇಶನ್. ಅದು ನೆಟ್‌ವರ್ಕ್ ಮೂಲಕ ದೂರದ ಡೇಟಾಬೇಸಿನ ಬಾಗಿಲು ತಟ್ಟುತ್ತೆ. ಬಾಗಿಲು ತೆಗೆದು ಒಳಗೆ ಕೂತರೆ ಅದಕ್ಕೆ ಕನೆಕ್ಷನ್ ಅಂತೀವಿ.

ಮೊದಲನೇ ಕಾಯಿಲೆ ಬಾಗಿಲಲ್ಲೇ ಇರುತ್ತೆ. ವಿಳಾಸದ ಕಾಯಿಲೆ.

ಡೇಟಾಬೇಸಿಗೆ ಹೋಗೋಕೆ ಐದು ವಿಷಯ ಬೇಕು. ಯಾವ ಯಂತ್ರ, ಅದರಲ್ಲಿ ಯಾವ ಪೋರ್ಟ್, ಯಾವ ಡೇಟಾಬೇಸ್ ಅಥವಾ ಸರ್ವೀಸ್, ಯಾರ ಹೆಸರು, ಏನು ಪಾಸ್‌ವರ್ಡ್. ಪೋರ್ಟ್ ಅಂದ್ರೆ ಬಾಗಿಲಿನ ನಂಬರ್ ಅಂದುಕೊಳ್ಳಿ. ಸಾಮಾನ್ಯವಾಗಿ ಒರಾಕಲ್‌ದು 1521, ಮೈಎಸ್‌ಕ್ಯೂಎಲ್‌ದು 3306, ಪೋಸ್ಟ್‌ಗ್ರೆಸ್‌ದು 5432. ಈ ಐದೂ ಅಪ್ಲಿಕೇಶನ್‌ನ ಯಾವುದೋ ಒಂದು ಸೆಟ್ಟಿಂಗ್ ಫೈಲಿನಲ್ಲಿ ಬರೆದಿರುತ್ತೆ. ಬರೆದವನು ಕೆಲಸ ಬಿಟ್ಟು ಹೋಗಿರ್ತಾನೆ, ಫೈಲು ಮಾತ್ರ ಇರುತ್ತೆ.

ಒರಾಕಲ್ ತಗೊಳ್ಳಿ. ಅದರ ಬಾಗಿಲಲ್ಲಿ ಲಿಸನರ್ ಅಂತ ಒಬ್ಬ ಕೂತಿರ್ತಾನೆ. ದೊಡ್ಡಾಸ್ಪತ್ರೆಯಲ್ಲಿ ಚೀಟಿ ಬರೆಯೋರ ಹಾಗೆ. ನೀವು ಹೋಗಿ ‘ಕಣ್ಣಿನ ಡಾಕ್ಟರ್ ಬೇಕು’ ಅಂತೀರಿ. ಚೀಟಿ ಬರೆದು ಆ ಕೋಣೆಗೆ ಕಳಿಸ್ತಾರೆ. ಆಮೇಲೆ ನಿಮಗೂ ಡಾಕ್ಟರಿಗೂ ಮಾತು, ಚೀಟಿಯವರ ಕೆಲಸ ಮುಗೀತು. ಇಲ್ಲಿ ಎರಡು ರೀತಿ ತೊಂದರೆ ಆಗಬಹುದು. ಒಂದು, ಚೀಟಿ ಕೌಂಟರಿನಲ್ಲಿ ಯಾರೂ ಇಲ್ಲ. ಆಗ ಬರೋ ಎರರ್ ನಂಬರ್ 12541, ಲಿಸನರ್ ಇಲ್ಲ ಅಂತ. ಇನ್ನೊಂದು, ಕೌಂಟರಿನಲ್ಲಿ ಜನ ಇದ್ದಾರೆ, ಆದರೆ ‘ಆ ಹೆಸರಿನ ಡಾಕ್ಟರ್ ನಮ್ಮಲ್ಲಿ ಇಲ್ಲ’ ಅಂತಾರೆ. ಅದು 12514. ನೀವು ಕೇಳಿದ ಸರ್ವೀಸ್ ಹೆಸರು ಲಿಸನರಿಗೆ ಗೊತ್ತಿಲ್ಲ ಅಂತ ಅರ್ಥ.

ಎರಡಕ್ಕೂ ಕಿಟಕಿಯಲ್ಲಿ ಹೇಳೋದು ‘ಸರ್ವರ್ ಇಲ್ಲ’ ಅಂತಾನೇ. ಆದರೆ ಮೊದಲನೆಯದರಲ್ಲಿ ಲಿಸನರನ್ನ ಎಬ್ಬಿಸಬೇಕು, ಅಥವಾ ಯಂತ್ರದ ಹೆಸರು, ಪೋರ್ಟ್ ಸರಿ ಇದೆಯಾ ನೋಡಬೇಕು. ಎರಡನೆಯದರಲ್ಲಿ ಹೆಸರು ಸರಿ ಮಾಡಬೇಕು. ಲಿಸನರನ್ನೇ ಕೇಳಬಹುದು, ‘ನಿನಗೆ ಗೊತ್ತಿರೋ ಸರ್ವೀಸ್ ಯಾವುವು ಹೇಳು’ ಅಂತ. ಅವನು ಪಟ್ಟಿ ಕೊಡ್ತಾನೆ. ಡೇಟಾಬೇಸ್ ಒಳಗೆ ಹೋಗಿ ವಿ-ಡಾಲರ್-ಆ್ಯಕ್ಟಿವ್-ಸರ್ವೀಸಸ್ ಅನ್ನೋ ಕೋಷ್ಟಕ ನೋಡಿದರೆ ಈಗ ಯಾವ ಸರ್ವೀಸ್ ಜೀವಂತ ಇದೆ ಅಂತ ಕಾಣುತ್ತೆ. ಎರಡು ಪಟ್ಟಿ, ಒಂದು ಸೆಟ್ಟಿಂಗ್ ಫೈಲು, ಮೂರನ್ನೂ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ಹೋಲಿಸಿ. ಹತ್ತಕ್ಕೆ ಎಂಟು ಸಲ ಉತ್ತರ ಅಲ್ಲೇ ಸಿಗುತ್ತೆ ಅಂತ ನನ್ನ ಅನುಭವ. ಇನ್ನೊಂದು ಮಾತು. ಲಿಸನರನ್ನ ಈಗಷ್ಟೇ ಎಬ್ಬಿಸಿದ್ದರೆ, ಡೇಟಾಬೇಸು ತನ್ನ ಸರ್ವೀಸ್ ಹೆಸರನ್ನ ಅವನಿಗೆ ಹೇಳೋಕೆ ಒಂದು ನಿಮಿಷದವರೆಗೂ ಹಿಡಿಯಬಹುದು. ಆ ನಿಮಿಷ ತಡೆಯದೆ ಮತ್ತೆ ಆಫ್ ಮಾಡಿ ಆನ್ ಮಾಡೋರನ್ನ ನಾನು ನೋಡಿದ್ದೀನಿ.

ವಿಳಾಸದ ಕಾಯಿಲೆ ನಮ್ಮ ಜಿಲ್ಲೆಯವರಿಗೆ ಬೇಗ ಅರ್ಥ ಆಗಬೇಕು. 2021ರಲ್ಲಿ ವಿಜಯನಗರ ಜಿಲ್ಲೆ ಆಯ್ತು, ಹೊಸಪೇಟೆ ಜಿಲ್ಲಾ ಕೇಂದ್ರ ಆಯ್ತು. ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಈಗಲೂ ಯಾರಾದರೂ ‘ಕಡ್ಡಿರಾಂಪುರ, ಬಳ್ಳಾರಿ ಜಿಲ್ಲೆ’ ಅಂತ ಕಾಗದ ಬರೆದರೆ ಅಂಚೆಯಣ್ಣ ತಂದು ಕೊಡ್ತಾನೆ, ಅವನಿಗೆ ನಾವು ಗೊತ್ತು. ಕಂಪ್ಯೂಟರಿಗೆ ಆ ದಾಕ್ಷಿಣ್ಯ ಇಲ್ಲ. ಸರ್ವರ್ ಒಂದು ಕಟ್ಟಡದಿಂದ ಇನ್ನೊಂದಕ್ಕೆ ಹೋದಾಗ, ಹೆಸರು ಬದಲಾದಾಗ, ಒಂದು ಕೌಂಟರಿನ ಫೈಲು ಬದಲಾಯಿಸೋದು ಮರೆತರೆ, ಆ ಒಂದು ಕೌಂಟರಿಗೆ ಮಾತ್ರ ‘ಸರ್ವರ್ ಇಲ್ಲ’. ಪಕ್ಕದ ಕೌಂಟರಿನಲ್ಲಿ ಕೆಲಸ ಆರಾಮಾಗಿ ನಡೀತಿರುತ್ತೆ.

ಎರಡನೇ ಕಾಯಿಲೆ, ದಾರಿಯದು. ಬಾಗಿಲು ತಟ್ಟಿದ ತಕ್ಷಣ ‘ಇಲ್ಲಿ ಯಾರೂ ಇಲ್ಲ’ ಅಂತ ಉತ್ತರ ಬಂದರೆ ಯಂತ್ರ ಜೀವಂತ ಇದೆ, ಆ ಪೋರ್ಟಿನಲ್ಲಿ ಯಾರೂ ಕೂತಿಲ್ಲ ಅಂತ ಸಾಮಾನ್ಯವಾಗಿ ತಿಳೀಬಹುದು. ತಟ್ಟಿ ತಟ್ಟಿ ಉತ್ತರವೇ ಬರದೆ ಕೊನೆಗೆ ಟೈಮ್‌ಔಟ್ ಆದರೆ, ದಾರಿಯಲ್ಲಿ ತೊಂದರೆ ಅಥವಾ ಮಧ್ಯೆ ಫೈರ್‌ವಾಲ್ ತಡೀತಿದೆ, ಇಲ್ಲವೇ ಯಂತ್ರವೇ ಮಲಗಿದೆ. ಬೇಗ ಬಂದ ‘ಇಲ್ಲ’ ಬೇರೆ, ತಡವಾಗಿ ಬಂದ ‘ಇಲ್ಲ’ ಬೇರೆ. ಇಷ್ಟು ನೆನಪಿಟ್ಟುಕೊಂಡರೆ ಸಾಕು, ಫೋನ್ ಮಾಡಬೇಕಾದದ್ದು ನೆಟ್‌ವರ್ಕ್‌ನವರಿಗೋ ಡೇಟಾಬೇಸಿನವರಿಗೋ ಅಂತ ಗೊತ್ತಾಗುತ್ತೆ.

ಮೂರನೇ ಕಾಯಿಲೆ, ಜಾಗ ತುಂಬಿದ್ದು. ಇದಕ್ಕೆ ನಮ್ಮ ಡ್ಯಾಮೇ ಪಾಠ.

ಮಳೆಗಾಲ ಬಂತು ಅಂದ್ರೆ ನಾವು ಪೇಪರಿನಲ್ಲಿ ಮೊದಲು ನೋಡೋದು ತುಂಗಭದ್ರಾ ಜಲಾಶಯದ ಮಟ್ಟ. ಗರಿಷ್ಠ 1633 ಅಡಿ, ಇವತ್ತು ಎಷ್ಟು, ಒಳಹರಿವು ಎಷ್ಟು, ಹೊರಹರಿವು ಎಷ್ಟು. ಓದು ಬರದ ಅಜ್ಜನೂ ಈ ನಾಲ್ಕು ಅಂಕಿ ಕೇಳಿ ಭತ್ತ ಹಾಕಬೇಕೋ ಬೇಡವೋ ನಿರ್ಧಾರ ಮಾಡ್ತಾನೆ. ಡೇಟಾಬೇಸಿಗೂ ಇದೇ ನಾಲ್ಕು ಅಂಕಿ. ಗರಿಷ್ಠ ಎಷ್ಟು ಕನೆಕ್ಷನ್, ಈಗ ಎಷ್ಟು, ಎಷ್ಟು ಹೊಸದಾಗಿ ಬರ್ತಿವೆ, ಎಷ್ಟು ಬಿಟ್ಟು ಹೋಗ್ತಿವೆ.

ಪೋಸ್ಟ್‌ಗ್ರೆಸ್‌ನಲ್ಲಿ ನಾವು ಏನೂ ಮುಟ್ಟದಿದ್ದರೆ ಗರಿಷ್ಠ 100. ಅದರಲ್ಲಿ 3 ಮೇಲ್ವಿಚಾರಕರಿಗೆ ಮೀಸಲು. ಅಂದ್ರೆ ನಮ್ಮ ನಿಮ್ಮಂಥವರಿಗೆ 97. ಮೈಎಸ್‌ಕ್ಯೂಎಲ್‌ನಲ್ಲಿ 151, ಅದರ ಮೇಲೆ ಮೇಲ್ವಿಚಾರಕರಿಗೆ ಒಂದು. ಈಗ ಲೆಕ್ಕ ಹಾಕಿ. ಒಂದು ಸಂಸ್ಥೆಯಲ್ಲಿ 6 ಅಪ್ಲಿಕೇಶನ್ ಇವೆ. ಪ್ರತಿಯೊಂದೂ ‘ನನಗೆ ಬೇಕಾಗಬಹುದು’ ಅಂತ 20 ಕನೆಕ್ಷನ್ ಹಿಡಿದಿಟ್ಟುಕೊಳ್ಳುತ್ತೆ. ಆರು ಇಪ್ಪತ್ತಲೇ 120. ಜಾಗ ಇರೋದು 97. ಮೊದಲು ಎದ್ದವರಿಗೆ ಜಾಗ, ಕೊನೆಗೆ ಎದ್ದವರಿಗೆ ‘ಸರ್ವರ್ ಇಲ್ಲ’. ಇಲ್ಲಿ ಸರ್ವರ್ ಕೆಟ್ಟಿಲ್ಲ. ಸರ್ವರ್‌ಗೆ ಕೆಲಸವೂ ಇಲ್ಲ. ಕುರ್ಚಿ ಮೇಲೆ ಟವೆಲ್ ಹಾಕಿ ಹೋದವರು ತುಂಬಿದ್ದಾರೆ ಅಷ್ಟೇ.

ಆಗ ಎಲ್ಲರೂ ಮಾಡೋ ಕೆಲಸ ಏನು? 100 ಇದ್ದದ್ದನ್ನ 500 ಮಾಡೋದು. ಪೋಸ್ಟ್‌ಗ್ರೆಸ್‌ನಲ್ಲಿ ಪ್ರತಿ ಕನೆಕ್ಷನ್ನಿಗೂ ಸರ್ವರಿನಲ್ಲಿ ಒಂದು ಪ್ರತ್ಯೇಕ ಪ್ರೊಸೆಸ್ ಏಳುತ್ತೆ, ಅದಕ್ಕೆ ಮೆಮೊರಿ ಬೇಕು. ಯಂತ್ರದ ತಾಕತ್ತು ನೋಡದೆ ಅಂಕಿ ಏರಿಸಿದರೆ ಇವತ್ತು ಕೆಲವರಿಗೆ ‘ಇಲ್ಲ’ ಅಂದದ್ದು ನಾಳೆ ಎಲ್ಲರಿಗೂ ‘ಇಲ್ಲ’ ಆಗುತ್ತೆ. ಮೊದಲು ಒಳಗೆ ಯಾರು ಸುಮ್ಮನೆ ಕೂತಿದ್ದಾರೆ ನೋಡಬೇಕು. ಕನೆಕ್ಷನ್ ಪೂಲ್ ಅಂತ ಒಂದು ವ್ಯವಸ್ಥೆ ಇದೆ. ನಮ್ಮ ಕಾಲುವೆ ಮೇಲೆ ನೀರುಗಂಟಿ ಇದ್ದ ಹಾಗೆ. ಬಸವಣ್ಣ ಕಾಲುವೆ, ತುರ್ತಾ ಕಾಲುವೆ ವಿಜಯನಗರದ ಕಾಲದಿಂದ ಹರೀತಿವೆ. ಬಾಳೆ ತೋಟದವರೆಲ್ಲ ಒಂದೇ ಹೊತ್ತಿಗೆ ತೂಬು ತೆಗೆದರೆ ಕೊನೆ ಹೊಲಕ್ಕೆ ನೀರು ಮುಟ್ಟಲ್ಲ. ನೀರುಗಂಟಿ ಸರದಿ ಹಾಕ್ತಾನೆ. ಪೂಲ್ ಮಾಡೋದೂ ಅದೇ. ಇನ್ನೂರು ಜನ ಬಂದರೂ ಇಪ್ಪತ್ತು ಕನೆಕ್ಷನ್ನಿನಲ್ಲಿ ಸರದಿ ಹಾಕಿ ಕೆಲಸ ಮುಗಿಸುತ್ತೆ. ಕೆಲಸ ಮುಗಿದವನು ಕನೆಕ್ಷನ್ ವಾಪಸ್ ಕೊಡಬೇಕು, ಇದೊಂದೇ ನಿಯಮ. ವಾಪಸ್ ಕೊಡೋದನ್ನ ಮರೆತ ಒಂದು ಸಾಲಿನ ಕೋಡು ಇಡೀ ಕಚೇರಿಯನ್ನ ಮಧ್ಯಾಹ್ನದ ಹೊತ್ತಿಗೆ ನಿಲ್ಲಿಸಬಲ್ಲದು.

ಮೈಎಸ್‌ಕ್ಯೂಎಲ್‌ನಲ್ಲಿ ಸುಮ್ಮನೆ ಕೂತ ಕನೆಕ್ಷನ್ನನ್ನ ಎಷ್ಟು ಹೊತ್ತಿಗೆ ಹೊರಗೆ ಕಳಿಸಬೇಕು ಅನ್ನೋ ಸೆಟ್ಟಿಂಗ್ ಇದೆ, ವೈಟ್ ಟೈಮ್‌ಔಟ್ ಅಂತ. ಮುಟ್ಟದಿದ್ದರೆ 28,800 ಸೆಕೆಂಡು. ಭಾಗಿಸಿ ನೋಡಿ, 8 ಗಂಟೆ. ಬೆಳಿಗ್ಗೆ 10ಕ್ಕೆ ಬಿಟ್ಟುಹೋದದ್ದು ಸಂಜೆ 6ರವರೆಗೆ ಕೂತಿರುತ್ತೆ. ಕಚೇರಿಯ ಇಡೀ ದಿನ! ಈ ಅಂಕಿಗಳನ್ನ ಯಾರೋ ಎಲ್ಲರಿಗೂ ಅಂತ ಇಟ್ಟದ್ದು. ನಿಮ್ಮ ಕಚೇರಿಗೆ ಎಷ್ಟು ಬೇಕು ಅಂತ ನೀವು ನೋಡಿ ಇಡಬೇಕು.

ನಾಲ್ಕನೇ ಕಾಯಿಲೆ ಎಲ್ಲಕ್ಕಿಂತ ಕಷ್ಟದ್ದು. ಸರ್ವರ್ ಇದೆ, ದಾರಿ ಇದೆ, ಜಾಗ ಇದೆ. ಆದರೂ ಪರದೆ ತಿರುಗ್ತಾ ಇರುತ್ತೆ. ಇಲ್ಲಿ ನನ್ನ ಕಥೆ ಬರುತ್ತೆ.

ನನ್ನ ಮೊದಲ ಕೆಲಸ ಒಂದು ಸಾಲ ಕೊಡೋ ಸಂಸ್ಥೆಯಲ್ಲಿ. ಹೆಸರು ಬೇಡ, ತಪ್ಪು ಅವರದ್ದಲ್ಲ. ಏಪ್ರಿಲ್ ತಿಂಗಳ ಮೊದಲ ವಾರ. ಹೊಸ ಹಣಕಾಸು ವರ್ಷ ಶುರು, ರಸೀದಿ ನಂಬರಿನ ಮುಂದೆ ಬರೋ ವರ್ಷ ಬದಲಾಗಬೇಕು. ಡೇಟಾಬೇಸಿನಲ್ಲಿ ಒಂದು ಪುಟ್ಟ ಕೋಷ್ಟಕ, ಅದರಲ್ಲಿ ಒಂದೇ ಒಂದು ಸಾಲು: ಮುಂದಿನ ರಸೀದಿ ನಂಬರ್ ಏನು ಅಂತ. ನಾನು ನನ್ನ ಕಂಪ್ಯೂಟರಿನಿಂದ ಒಳಗೆ ಹೋದೆ, ಆ ಸಾಲು ಬದಲಾಯಿಸಿದೆ, ಮತ್ತೆ ತೆಗೆದು ನೋಡಿದೆ, ಹೊಸ ವರ್ಷ ಕಾಣ್ತಿತ್ತು. ಆಯ್ತು ಅಂತ ಒಗ್ಗರಣೆ-ಮಿರ್ಚಿ ತಿನ್ನೋಕೆ ಹೋದೆ.

ವಾಪಸ್ ಬರೋ ಹೊತ್ತಿಗೆ ಗಲಾಟೆ. ಯಾವ ಕೌಂಟರಿನಲ್ಲೂ ರಸೀದಿ ಬರ್ತಿಲ್ಲ. ಆಮೇಲೆ ‘ಸಂಪರ್ಕ ಹೆಚ್ಚಾಯಿತು’ ಅಂತ ಎರರ್. ನಾನು ಹೊಸಬ. ಸರ್ವರ್ ಆಫ್ ಮಾಡಿ ಆನ್ ಮಾಡಿದೆ. ಎಲ್ಲ ಸರಿಹೋಯ್ತು. ಎಲ್ಲರೂ ಬೆನ್ನು ತಟ್ಟಿದರು. ಸಂಜೆ ನೋಡಿದರೆ ರಸೀದಿಯಲ್ಲಿ ಹಳೇ ವರ್ಷವೇ ಬರ್ತಿದೆ! ಯಾರೋ ನಾನು ಮಾಡಿದ್ದನ್ನ ಹಿಂದಕ್ಕೆ ಹಾಕಿದ್ದಾರೆ ಅಂದುಕೊಂಡೆ. ಮಾರನೇ ದಿನ ಮತ್ತೆ ಬದಲಾಯಿಸಿದೆ. ಮತ್ತೆ ಸರ್ವರ್ ನಿಂತಿತು. ಮತ್ತೆ ಆಫ್-ಆನ್. ಮತ್ತೆ ಹಳೇ ವರ್ಷ.

ಆ ಎರಡನೇ ದಿನ ಒಬ್ಬ ಹೆಣ್ಣುಮಗಳು ಕಂಪ್ಲಿ ಕಡೆಯಿಂದ ಬಂದಿದ್ದರು. ಒತ್ತೆ ಇಟ್ಟ ಸರ ಬಿಡಿಸಿಕೊಳ್ಳೋಕೆ. ಮಗಳ ನಿಶ್ಚಿತಾರ್ಥ ಮಾರನೇ ದಿನ. ನಾಲ್ಕು ಜನರ ಹತ್ತಿರ ಕೈಗಡ ತಂದ ದುಡ್ಡು ಸೆರಗಿನಲ್ಲಿ ಕಟ್ಟಿಕೊಂಡಿದ್ದರು. ರಸೀದಿ ಬರದೆ ಸರ ಕೊಡೋ ಹಾಗಿಲ್ಲ. ನಾನು ಆಫ್-ಆನ್ ಮಾಡಿ ಮುಗಿಸೋ ಹೊತ್ತಿಗೆ ದುಡ್ಡು ಕಟ್ಟಿಸಿಕೊಳ್ಳೋ ಸಮಯ ಮುಗಿದಿತ್ತು. “ಸರ್ವರ್ ಇಲ್ಲಮ್ಮ, ನಾಳೆ ಬನ್ನಿ” ಅಂದರು. ಆಕೆ ನನ್ನ ಕಡೆ ತಿರುಗಿ, “ನಿಮ್ಮ ಮಿಷನ್ನಿಗೆ ಹುಷಾರಿಲ್ಲಾಂದ್ರ ನನಗ್ಯಾಕ ಶಿಕ್ಷೆ ಕೊಡ್ತೀಯಪ್ಪಾ?” ಅಂದರು. ನಾನು ಉತ್ತರ ಕೊಡಲಿಲ್ಲ. ಮಿಷನ್ನಿಗೆ ನಿಜವಾಗಲೂ ಹುಷಾರಿಲ್ಲ ಅಂತ ಆಗ ನಾನೂ ನಂಬಿದ್ದೆ.

ಮೂರನೇ ದಿನ ಮತ್ತೆ ನಿಂತಾಗ ನಮ್ಮ ಹಿರಿಯರೊಬ್ಬರು ಇದ್ದರು. ನಾನು ಆಫ್ ಮಾಡೋಕೆ ಹೋದೆ. ಕೈ ಹಿಡಿದರು. “ತಡಿ. ಒಳಗೆ ಯಾರಿದ್ದಾರೆ ನೋಡಿದೆಯಾ?” ಅಂದರು. ಮೂರು ದಿನದಲ್ಲಿ ಒಂದು ಸಲವೂ ನೋಡಿರಲಿಲ್ಲ.

ಮೀಸಲಿಟ್ಟ ಆ 3 ಕನೆಕ್ಷನ್ ಇರೋದು ಇಂಥ ಹೊತ್ತಿಗೇ. ಉಳಿದವರಿಗೆ ಜಾಗ ಇಲ್ಲದಿದ್ದರೂ ಅವರು ಅದರಿಂದ ಒಳಗೆ ಹೋದರು. ಪಿಜಿ-ಸ್ಟ್ಯಾಟ್-ಆಕ್ಟಿವಿಟಿ ಅನ್ನೋ ನೋಟ ತೆಗೆದರು. ಇದು ಪೋಸ್ಟ್‌ಗ್ರೆಸ್‌ನ ಎರಡನೇ ಪರದೆ. ಒಂದೊಂದು ಕನೆಕ್ಷನ್ನಿಗೆ ಒಂದೊಂದು ಸಾಲು. ಯಾರ ಹೆಸರು, ಯಾವ ಕಂಪ್ಯೂಟರಿನಿಂದ, ಯಾವ ಅಪ್ಲಿಕೇಶನ್, ಯಾವಾಗಿಂದ, ಈಗ ಏನು ಸ್ಥಿತಿ, ಕೊನೆಗೆ ಕೇಳಿದ ಪ್ರಶ್ನೆ ಏನು. ಸ್ಥಿತಿಯಲ್ಲಿ ಮುಖ್ಯವಾಗಿ ಮೂರು. ಆ್ಯಕ್ಟಿವ್, ಅಂದ್ರೆ ಪ್ರಶ್ನೆ ಇನ್ನೂ ಮುಗಿದಿಲ್ಲ. ಐಡಲ್, ಅಂದ್ರೆ ಸುಮ್ಮನೆ ಕೂತಿದೆ. ಮೂರನೆಯದು ಐಡಲ್ ಇನ್ ಟ್ರಾನ್ಸಾಕ್ಷನ್. ಇದು ಅಪಾಯ. ವ್ಯವಹಾರ ಶುರು ಮಾಡಿ, ಮುಗಿಸದೆ, ಹಿಡಿದದ್ದನ್ನ ಬಿಡದೆ, ಸುಮ್ಮನೆ ಕೂತಿದ್ದಾನೆ ಅಂತ.

ಎಲ್ಲ ಕೌಂಟರುಗಳ ಸಾಲುಗಳೂ ಆ್ಯಕ್ಟಿವ್ ಅಂತ ಇದ್ದವು, ಆದರೆ ಬೀಗಕ್ಕೆ ಕಾಯ್ತಿದ್ದವು. ಯಾರ ಬೀಗ? ಅದನ್ನೂ ಪೋಸ್ಟ್‌ಗ್ರೆಸ್ಸೇ ಹೇಳುತ್ತೆ, ಪಿಜಿ-ಬ್ಲಾಕಿಂಗ್-ಪಿಡ್ಸ್ ಅಂತ ಕೇಳಿದರೆ. ಎಲ್ಲ ಬೆರಳೂ ಒಂದೇ ಸಾಲಿನ ಕಡೆ ತೋರಿಸ್ತಿದ್ದವು. ಐಡಲ್ ಇನ್ ಟ್ರಾನ್ಸಾಕ್ಷನ್, 11 ಗಂಟೆ 40 ನಿಮಿಷದಿಂದ. ಹೆಸರು ನೋಡಿದೆ. ನನ್ನದೇ.

ಏನಾಗಿತ್ತು ಅಂದ್ರೆ, ನಾನು ಬಳಸ್ತಿದ್ದ ಉಪಕರಣದಲ್ಲಿ ಬದಲಾವಣೆ ತಾನೇ ಖಾಯಂ ಆಗೋ ಸೆಟ್ಟಿಂಗ್ ಆಫ್ ಇತ್ತು. ನಾನು ಸಾಲು ಬದಲಾಯಿಸಿದೆ, ಕಮಿಟ್ ಮಾಡಲಿಲ್ಲ. ನನ್ನ ಕಣ್ಣಿಗೆ ಹೊಸದು ಕಾಣ್ತಿತ್ತು, ಯಾಕಂದ್ರೆ ಅದು ನನ್ನ ವ್ಯವಹಾರದ ಒಳಗಿನ ನೋಟ. ಉಳಿದವರಿಗೆ ಇನ್ನೂ ಹಳೇದೇ, ಅದೂ ಬೀಗ ಹಾಕಿದ್ದು. ಪ್ರತಿ ರಸೀದಿಗೂ ಆ ಒಂದು ಸಾಲು ಬೇಕು. ಒಬ್ಬರು ಕಾದರು, ಇನ್ನೊಬ್ಬರು ಕಾದರು. ಪರದೆ ಮುಂದೆ ಹೋಗ್ಲಿಲ್ಲ ಅಂತ ಗುಂಡಿ ಮತ್ತೆ ಮತ್ತೆ ಒತ್ತಿದರು. ಒತ್ತಿದಷ್ಟು ಸಲ ಹೊಸ ಕನೆಕ್ಷನ್. ಅರ್ಧ ಗಂಟೆಯಲ್ಲಿ 97 ಜಾಗವೂ ಭರ್ತಿ. ನಾನು ಬಂದು ಸರ್ವರ್ ಆಫ್ ಮಾಡಿದಾಗ ಮುಗಿಸದ ವ್ಯವಹಾರವನ್ನ ಡೇಟಾಬೇಸ್ ರದ್ದು ಮಾಡ್ತಿತ್ತು. ಅದು ಅದರ ಧರ್ಮ, ಸರಿಯಾಗೇ ಮಾಡ್ತಿತ್ತು. ಬೀಗ ಬಿಟ್ಟಿತು, ಕೆಲಸ ನಡೀತು, ನನ್ನ ಹೊಸ ವರ್ಷವೂ ಹೋಯ್ತು. ನನ್ನ ಬದಲಾವಣೆಯನ್ನ ಹಿಂದಕ್ಕೆ ಹಾಕ್ತಿದ್ದವನು ಯಾರು ಅಂತ ಎರಡು ದಿನ ಹುಡುಕಿದೆನಲ್ಲ, ಅವನೂ ನಾನೇ.

ಹಿರಿಯರು ನನ್ನ ಕನೆಕ್ಷನ್ ಕೊಲ್ಲಲಿಲ್ಲ. ಮೊದಲು ಆ ಪಟ್ಟಿಯನ್ನ ಒಂದು ಫೈಲಿಗೆ ಉಳಿಸಿದರು. ಆಮೇಲೆ “ಹೋಗು, ಕಮಿಟ್ ಮಾಡು” ಅಂದರು. ಮಾಡಿದೆ. ಎಲ್ಲ ಕೌಂಟರಿನ ಪ್ರಿಂಟರ್ ಒಟ್ಟಿಗೆ ಓಡಿದವು. ಮೂರು ದಿನದ ಕಾಯಿಲೆ, ಒಂದು ಪದದ ಔಷಧಿ.

ಆ ಹೆಣ್ಣುಮಗಳು ಮೂರನೇ ದಿನ ಬಂದು ಸರ ತಗೊಂಡು ಹೋದರು. ನಿಶ್ಚಿತಾರ್ಥ ಬೆಳಿಗ್ಗೆಯೇ ಮುಗಿದಿತ್ತು. ಮಗಳ ಕೊರಳಿಗೆ ಪಕ್ಕದ ಮನೆಯವರ ಸರ ಹಾಕಿದ್ವಿ ಅಂತ ಕೌಂಟರಿನವರ ಹತ್ತಿರ ಹೇಳ್ತಿದ್ದದ್ದು ನನಗೆ ಕೇಳಿಸಿತು. ನಾನು ಎದ್ದು ಹೋಗಿ ತಪ್ಪಾಯ್ತು ಅಂತ ಹೇಳಬೇಕಿತ್ತು. ಹೇಳಲಿಲ್ಲ. ಅದಕ್ಕೇ ಇಲ್ಲಿ ನಿಮ್ಮ ಮುಂದೆ ಹೇಳ್ತಿದ್ದೀನಿ.

ಆಫ್-ಆನ್ ಮಾಡೋದರ ದೊಡ್ಡ ತಪ್ಪು ಇದು. ಅದು ಕೆಲಸ ಮಾಡುತ್ತೆ! ಆ ಹೊತ್ತಿಗೆ ಸರಿಹೋಗುತ್ತೆ, ಜೊತೆಗೆ ಸಾಕ್ಷಿಯನ್ನೂ ಅಳಿಸಿಹಾಕುತ್ತೆ. ಒಳಗೆ ಯಾರಿದ್ದರು, ಯಾವಾಗಿಂದ ಇದ್ದರು, ಯಾರಿಗಾಗಿ ಯಾರು ಕಾಯ್ತಿದ್ದರು, ಎಲ್ಲ ಹೋಯ್ತು. ನಾಳೆ ಅದೇ ಕಾಯಿಲೆ ಮತ್ತೆ ಬರುತ್ತೆ, ಮತ್ತೊಬ್ಬರು ವಾಪಸ್ ಹೋಗ್ತಾರೆ.

ಇದು ಸಣ್ಣ ಸಂಸ್ಥೆಗಳ ಮಾತು ಮಾತ್ರ ಅಲ್ಲ. ಆಸ್ತಿ ನೋಂದಣಿಗೆ ರಾಜ್ಯ 2023ರಲ್ಲಿ ಕಾವೇರಿ 2.0 ತಂತ್ರಾಂಶ ತಂದಿತು. 2024ರ ಡಿಸೆಂಬರ್, 2025ರ ಜನವರಿಯಲ್ಲಿ ಅದು ಕುಂಟತೊಡಗಿತು. ಉಪನೋಂದಣಾಧಿಕಾರಿ ಕಚೇರಿಗಳ ಮುಂದೆ ಜನ ಕಾದು ಕಾದು ಹೋದರು. ಮೊದಲಿಗೆ ಎಲ್ಲರೂ ಅಂದದ್ದು ‘ಸರ್ವರ್ ಸಮಸ್ಯೆ’. ಬಂದ ಬೇಡಿಕೆಗಳನ್ನ ಕೂತು ನೋಡಿದಾಗ ಗೊತ್ತಾದದ್ದು ಬೇರೆ. ನಕಲಿ ಖಾತೆಗಳನ್ನ ಮಾಡಿ, ಇಸಿ ಹುಡುಕಾಟದಂಥ ಸೇವೆಗಳಿಗೆ ಯಂತ್ರದಿಂದ ಸುರಿಮಳೆಯಂತೆ ಬೇಡಿಕೆ ಕಳಿಸ್ತಿದ್ದರು. ನಿಜವಾದ ಜನಕ್ಕೆ ಜಾಗ ಇಲ್ಲದ ಹಾಗೆ ಮಾಡೋ ದಾಳಿ. 2025ರ ಫೆಬ್ರವರಿಯಲ್ಲಿ ಸೈಬರ್ ಕ್ರೈಂ ಪೊಲೀಸರಲ್ಲಿ ಪ್ರಕರಣ ದಾಖಲಾಯ್ತು. ನೋಡಿ, ಯಾರು, ಎಲ್ಲಿಂದ, ಎಷ್ಟು ಸಲ ಬಂದರು ಅನ್ನೋ ಲೆಕ್ಕ ಇದ್ದದ್ದರಿಂದಲೇ ಅದು ಪೊಲೀಸ್ ಕೇಸ್ ಆಯ್ತು. ಆ ಲೆಕ್ಕ ಇಲ್ಲದಿದ್ದರೆ ಇವತ್ತಿಗೂ ಅದು ‘ಸರ್ವರ್ ಡೌನ್’ ಆಗೇ ಉಳೀತಿತ್ತು.

ಈಗ ಕೆಲಸದ ಮಾತಿಗೆ ಬರ್ತೀನಿ. ನಿಮ್ಮಲ್ಲಿ ಯಾರಾದರೂ ನಾಳೆ ಒಂದು ಡೇಟಾಬೇಸ್ ನೋಡಿಕೊಳ್ಳೋ ಕೆಲಸಕ್ಕೆ ಸೇರಿದರೆ, ಮೊದಲ ವಾರ ಇಷ್ಟು ಮಾಡಿ.

ಒಂದು, ಕನೆಕ್ಷನ್ ಸೆಟ್ಟಿಂಗ್ ಎಲ್ಲೆಲ್ಲಿ ಬರೆದಿದೆ ಅಂತ ಪಟ್ಟಿ ಮಾಡಿ. ಯಾವ ಅಪ್ಲಿಕೇಶನ್, ಯಾವ ಯಂತ್ರ, ಯಾವ ಪೋರ್ಟ್, ಯಾವ ಸರ್ವೀಸ್, ಪೂಲ್ ಎಷ್ಟು. ಪಾಸ್‌ವರ್ಡ್ ಮಾತ್ರ ಆ ಪಟ್ಟಿಯಲ್ಲಿ ಬರೀಬೇಡಿ. ಎಲ್ಲ ಪೂಲ್ ಕೂಡಿಸಿ, ಗರಿಷ್ಠದ ಜೊತೆ ಹೋಲಿಸಿ.

ಎರಡು, ಪ್ರತಿ ಅಪ್ಲಿಕೇಶನ್ನಿಗೂ ಬೇರೆ ಬೇರೆ ಬಳಕೆದಾರ ಹೆಸರು ಕೊಡಿ. ಪೋಸ್ಟ್‌ಗ್ರೆಸ್‌ನಲ್ಲಿ ಅಪ್ಲಿಕೇಶನ್ ನೇಮ್ ಅಂತ ಒಂದು ಸೆಟ್ಟಿಂಗ್ ಇದೆ, ಅದನ್ನ ತುಂಬಿ. ಎಲ್ಲರೂ ‘ಅಡ್ಮಿನ್’ ಅಂತ ಒಂದೇ ಹೆಸರಲ್ಲಿ ಹೋದರೆ ತೊಂದರೆ ಬಂದ ದಿನ ಯಾರು ಯಾರು ಅಂತ ಗೊತ್ತಾಗಲ್ಲ. ಜಾತ್ರೆಯಲ್ಲಿ ಎಲ್ಲ ಮಕ್ಕಳಿಗೂ ಒಂದೇ ಹೆಸರಿಟ್ಟು ಕೂಗಿದ ಹಾಗೆ.

ಮೂರು, ದಿನಕ್ಕೆ ಕೆಲವು ಸಲ ಆ ಎರಡನೇ ಪರದೆಯನ್ನ ಉಳಿಸಿಟ್ಟುಕೊಳ್ಳಿ. ಪೋಸ್ಟ್‌ಗ್ರೆಸ್ ಆದರೆ ಪಿಜಿ-ಸ್ಟ್ಯಾಟ್-ಆಕ್ಟಿವಿಟಿ, ಮೈಎಸ್‌ಕ್ಯೂಎಲ್ ಆದರೆ ಶೋ ಪ್ರೊಸೆಸ್‌ಲಿಸ್ಟ್, ಒರಾಕಲ್ ಆದರೆ ವಿ-ಡಾಲರ್-ಸೆಷನ್. ಎಲ್ಲ ಚೆನ್ನಾಗಿದ್ದ ದಿನದ ಅಂಕಿ ನಿಮ್ಮ ಹತ್ತಿರ ಇರಬೇಕು. ಆರೋಗ್ಯ ಹೇಗಿರುತ್ತೆ ಅಂತ ಗೊತ್ತಿಲ್ಲದವನಿಗೆ ಕಾಯಿಲೆ ಗೊತ್ತಾಗಲ್ಲ. 40 ಕನೆಕ್ಷನ್ ಮಾಮೂಲು ಅಂತ ಗೊತ್ತಿದ್ದರೆ 80 ಆದಾಗಲೇ ಎಚ್ಚರ ಆಗಬಹುದು, 100 ಆಗೋವರೆಗೆ ಕಾಯೋದು ಬೇಡ.

ನಮ್ಮ ಡ್ಯಾಮಿನ 33 ಗೇಟಿನಲ್ಲಿ 19ನೇ ಗೇಟಿನ ಚೈನು 2024ರ ಆಗಸ್ಟ್ 10ರ ರಾತ್ರಿ ತುಂಡಾಗಿ, ಗೇಟೇ ಕೊಚ್ಚಿ ಹೋಯ್ತಲ್ಲ. ಆ ವಾರ ನಾವೆಲ್ಲ ನಿದ್ದೆ ಮಾಡಿಲ್ಲ. ನೀರಿನ ಮಟ್ಟ ದಿನಾ ನೋಡ್ತಿದ್ವಿ. ಗೇಟು ಹಿಡಿದಿಟ್ಟ ಚೈನನ್ನೂ ಅಷ್ಟೇ ನೋಡಬೇಕು ಅಂತ ಅವತ್ತು ಎಲ್ಲರಿಗೂ ಮನದಟ್ಟಾಯ್ತು. ಡೇಟಾಬೇಸಿನಲ್ಲೂ ಜನ ಡಿಸ್ಕ್ ಎಷ್ಟು ತುಂಬಿದೆ ಅಂತ ದಿನಾ ನೋಡ್ತಾರೆ. ಕನೆಕ್ಷನ್ ಎಷ್ಟು ಅಂತ ನೋಡೋದು ಕಡಿಮೆ.

ನಾಲ್ಕು, ಕಾಲಮಿತಿ ಹಾಕಿ. ಪೋಸ್ಟ್‌ಗ್ರೆಸ್‌ನಲ್ಲಿ ವ್ಯವಹಾರ ಶುರು ಮಾಡಿ ಸುಮ್ಮನೆ ಕೂತವನನ್ನ ಇಷ್ಟು ಹೊತ್ತಿಗೆ ಹೊರಗೆ ಹಾಕು ಅನ್ನೋ ಸೆಟ್ಟಿಂಗ್ 2016ರ 9.6 ಆವೃತ್ತಿಯಿಂದ ಇದೆ. ಆದರೆ ಮೊದಲಿಗೆ ಅದು ಆಫ್ ಇರುತ್ತೆ. ನೀವೇ ಆನ್ ಮಾಡಬೇಕು. ಅದನ್ನ ಐದು ನಿಮಿಷಕ್ಕೆ ಇಟ್ಟಿದ್ದರೆ ಅವತ್ತು ನನ್ನ ಒಗ್ಗರಣೆ-ಮಿರ್ಚಿ ಮುಗಿಯೋ ಮೊದಲೇ ಬೀಗ ಬಿಟ್ಟಿರ್ತಿತ್ತು.

ಐದು, ಏನಾದರೂ ನಿಂತಾಗ ಮೊದಲು ಕೇಳಿ: ಒಂದೇ ಕೌಂಟರಿಗಾ, ಎಲ್ಲರಿಗೂನಾ? ‘ಇಲ್ಲ’ ಬೇಗ ಬಂತಾ, ತಡವಾಗಿ ಬಂತಾ? ಒಳಗೆ ಎಷ್ಟು ಜನ, ಗರಿಷ್ಠ ಎಷ್ಟು? ಯಾರು ಯಾರಿಗಾಗಿ ಕಾಯ್ತಿದ್ದಾರೆ? ಇಷ್ಟಕ್ಕೆ ಐದು ನಿಮಿಷ ಸಾಕು. ಉಳಿಸಿಟ್ಟುಕೊಂಡು, ಆಮೇಲೆ ಆ ಒಂದು ಕನೆಕ್ಷನ್ನನ್ನ ಮಾತ್ರ ನಿಲ್ಲಿಸಿ. ನಿಲ್ಲಿಸೋದರಲ್ಲೂ ಎರಡು ಇದೆ. ಅದು ನಡೆಸ್ತಿರೋ ಪ್ರಶ್ನೆಯನ್ನ ಮಾತ್ರ ರದ್ದು ಮಾಡೋದು ಒಂದು, ಕನೆಕ್ಷನ್ನನ್ನೇ ಹೊರಗೆ ಹಾಕೋದು ಇನ್ನೊಂದು. ಸುಮ್ಮನೆ ಕೂತು ಬೀಗ ಹಿಡಿದವನಿಗೆ ಮೊದಲನೆಯದು ನಾಟಲ್ಲ, ಎರಡನೆಯದೇ ಬೇಕು. ಇಡೀ ಸರ್ವರ್ ಆಫ್ ಮಾಡೋದು ಎಲ್ಲಕ್ಕಿಂತ ಕೊನೆಗೆ.

ಕೌಂಟರಿನ ಈಚೆ ನಿಲ್ಲೋರಿಗೂ ಒಂದು ಮಾತು. ‘ಸರ್ವರ್ ಇಲ್ಲ’ ಅಂದಾಗ ಜಗಳ ಬೇಡ, ಕಿಟಕಿಯಲ್ಲಿ ಕೂತವರ ಕೈಯಲ್ಲಿ ಬಹಳ ಸಲ ಏನೂ ಇರಲ್ಲ. ಆದರೆ ಮರ್ಯಾದೆಯಿಂದ ಕೇಳಿ: “ನಿಮ್ಮ ಕೌಂಟರಿಗೆ ಮಾತ್ರಾನಾ, ಎಲ್ಲ ಕಡೆನಾ? ಪರದೆ ಮೇಲೆ ಏನು ಬರೆದು ಬಂದಿದೆ, ಓದಿ ಹೇಳ್ತೀರಾ?” ಆ ಸಾಲನ್ನ, ಗಂಟೆ ಎಷ್ಟಾಯ್ತು ಅನ್ನೋದನ್ನ ಅವರು ಬರೆದಿಟ್ಟುಕೊಂಡರೂ ಒಳಗೆ ಕೂತವನಿಗೆ ಅರ್ಧ ಕೆಲಸ ಆದ ಹಾಗೆ.

ಇನ್ನು ನೀವು ಒಳಗೆ ಕೂತವರಾದರೆ, ಆ ಪಟ್ಟಿಯಲ್ಲಿ ಮೊದಲು ನಿಮ್ಮ ಹೆಸರು ಇದೆಯಾ ನೋಡಿಕೊಳ್ಳಿ. ನಾನು ಈಗಲೂ ಊಟಕ್ಕೆ ಏಳೋ ಮುಂಚೆ ನೋಡ್ತೀನಿ.